ಗುಂಡಿ

ಮೊದಲು ಹನ್ನೊಂದು ಸ್ಲೈಡು ಮಾಡಿದ್ದೆ.
ನೀರಿಗೊಂದು, ಹುಲ್ಲಿಗೊಂದು, ಹಸುವಿಗೊಂದು,
ಪೀಟ್ ಮಣ್ಣಿಗೆ ಎರಡು.
ಅದು ಮಣ್ಣಲ್ಲ, ಸಾವಿರಾರು ವರ್ಷ ನೀರಲ್ಲಿ ನೆನೆದು
ಕೊಳೆಯಲು ಮರೆತ ಜೊಂಡು
ಎಂದು ಹೇಳುವುದಕ್ಕೇ ಒಂದು ಹಿಡಿಯಿತು.

ಫ್ರೀಸ್‌ಲಾಂಡಿನ ಸ್ನೇಕ್ ಪಟ್ಟಣ, ನೀರು ಮಂಡಳಿ, ಮೂರನೇ ಮಹಡಿ.
ಕಿಟಕಿಯಾಚೆ ಕಾಲುವೆ; ಅದರಲ್ಲಿ
ಹೊಲಕ್ಕಿಂತ ಎತ್ತರದಲ್ಲಿ ಸಾಗುವ ದೋಣಿ.
ಪಂಪು ನಡೆಸಲು ಸೇರುವ ಹೊಸಬರಿಗೆ
ಪರದೆಯ ಮೇಲೆ ಪಾಠ ಕಟ್ಟುವುದು ನನ್ನ ಕೆಲಸ:
ಇಪ್ಪತ್ತು ನಿಮಿಷ, ಕೊನೆಗೆ ಐದು ಪ್ರಶ್ನೆ,
ನಾಲ್ಕು ಸರಿಯಾದರೆ ಹಸಿರು ಟಿಕ್ಕು.

ಆದರೆ ಯಾವುದು ಮೊದಲು?
ನೀರಿಳಿಸಿದರೆ ಮಣ್ಣು ಒಣಗುತ್ತದೆ ಎನ್ನಲು
ಮಣ್ಣೇನೆಂದು ಗೊತ್ತಿರಬೇಕು.
ಒಣಗಿದ್ದಕ್ಕೆ ಗಾಳಿ ಹೊಕ್ಕು, ಉರಿಯದೆಯೇ ಸುಟ್ಟು
ಹೊಗೆಯಿಲ್ಲದೆ ಆಕಾಶ ಸೇರುತ್ತದೆ ಎನ್ನಲು
ಗಾಳಿಯ ಸ್ಲೈಡು ಮುಗಿದಿರಬೇಕು.
ನೆಲ ಕುಸಿದರೆ ನೀರು ಮತ್ತೆ ಹತ್ತಿರ;
ಮತ್ತೆ ಇಳಿಸು, ಮತ್ತೆ ಕುಸಿ.
ಮೂರನೆಯದನ್ನು ಏಳರ ಮುಂದೆ ಎಳೆದು ಕೂರಿಸಿದೆ,
ಏಳು ಒಂದನ್ನು ಕೇಳಿತು,
ಒಂದು ಮೂರರ ಕಡೆ ಬೆರಳು ತೋರಿಸಿತು.
ಸ್ವೆಟರಿನ ಒಂದೆಳೆ ಜಗ್ಗಿದರೆ
ತೋಳೇ ಕೈಗೆ ಬಂದ ಹಾಗೆ.

ಹಿಲ್ಕೆ ಅಂದಳು: ಎಲ್ಲ ಒಂದೇ ಪರದೆಗೆ ಹಾಕು.
ಹಾಕಿದೆ. ಹದಿನಾಲ್ಕು ವೃತ್ತ, ನಲವತ್ತು ಬಾಣ.
"ಜೇಡಕ್ಕೆ ತಲೆ ಕೆಟ್ಟ ಹಾಗಿದೆ," ಅಂದಳು, ಅವಳೇ.

ಕೊನೆಗೆ ಎಲ್ಲ ಅಳಿಸಿ
ಒಂದು ಹೊಲವನ್ನು ಪಕ್ಕದಿಂದ ಸೀಳಿ ಬರೆದೆ:
ಮೇಲೊಂದು ಮನೆ, ಮೂರು ಹಸು, ಕೆಳಗೊಂದು ನೀಲಿ ಗೆರೆ,
ಬದಿಯಲ್ಲಿ ಎಳೆಯಲು ಒಂದು ಹಿಡಿ.
ಎಳೆದರೆ ನೀರಿಳಿಯುತ್ತದೆ, ಹುಲ್ಲು ಚಿಗುರುತ್ತದೆ,
ಹಸು ಗೊರಸು ಹೂಳದೆ ನಡೆಯುತ್ತದೆ,
ಹಾಲಿನ ಅಂಕಿ ಏರುತ್ತದೆ.
ವರ್ಷಗಳನ್ನು ಒತ್ತುತ್ತಾ ಹೋದರೆ, ತೀರ ತಡವಾಗಿ,
ಹೊಸ್ತಿಲ ಕೆಳಗೊಂದು ಸಂದು.
ಬಾಣವೇ ಇಲ್ಲ. ಕಾರಣ ಬೆರಳ ತುದಿಯಲ್ಲೇ.
ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಸುಳ್ಳೇಕೆ.

ವಿಬ್ರೆನ್‌ಗೆ ತೋರಿಸಿದೆ.
ಮೂವತ್ತೆಂಟು ವರ್ಷ ಪಂಪ್‌ಹೌಸ್ ನೋಡಿಕೊಂಡವನು.
ಕನ್ನಡಕ ಹಣೆಗೇರಿಸಿ, ಮೌಸನ್ನು
ತುಕ್ಕು ಹಿಡಿದ ತಿರುಪಿನಂತೆ ಎರಡೂ ಕೈಯಲ್ಲಿ ಹಿಡಿದು
ನೀರಿಳಿಸಿದ. ಒಂದು ವರ್ಷ. ಹತ್ತು. ಐವತ್ತು.
ನೆಲ ಇಳಿಯಿತು. ತಲೆಯಾಡಿಸಿದ.
ಆಮೇಲೆ ಮೂಲೆಯಲ್ಲಿದ್ದದ್ದು ಕಣ್ಣಿಗೆ ಬಿತ್ತು.
"ಇದೇನು?"
"ಮೊದಲಿನಂತೆ ಮಾಡುವ ಗುಂಡಿ."
ಒತ್ತಿದ. ನೀರು ಏರಿತು, ನೆಲ ಏರಿತು,
ಸಂದು ಕೂಡಿಕೊಂಡಿತು, ಹಸುಗಳು ಇದ್ದಲ್ಲಿಗೆ ಬಂದವು.
ಮತ್ತೆ ಇಳಿಸಿದ, ಮತ್ತೆ ಒತ್ತಿದ. ಮತ್ತೆ.
ಆಟವಾಡುತ್ತಿದ್ದಾನೆ ಅಂದುಕೊಂಡೆ.

"ನಮ್ಮ ಮನೆ ಕಂಬಗಳ ಮೇಲೆ ನಿಂತದ್ದು," ಅಂದ.
"ಕೆಲಸಕ್ಕೆ ಸೇರಿದಾಗ ಬಾಗಿಲಿಗೆ ಒಂದು ಮೆಟ್ಟಿಲು.
ಬಿಡುವಾಗ ನಾಲ್ಕು.
ಮನೆ ಎದ್ದದ್ದಲ್ಲ. ನೆಲವನ್ನು ಇಳಿಸಿದವನು ನಾನು,
ಸರಿಯಾಗಿಯೇ ಇಳಿಸಿದೆ, ಬಹುಮಾನವಾಗಿ ಗಡಿಯಾರವನ್ನೂ ಕೊಟ್ಟರು."
ಮೌಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.
"ಈ ಗುಂಡಿ ಯಾವ ಅಂಗಡಿಯಲ್ಲಿ ಸಿಗುತ್ತದೆ?"

ಅವನು ಹೋದ ಮೇಲೆ ಕಾಫಿ ಆರುವವರೆಗೂ ಕೂತಿದ್ದೆ.

ಗುಂಡಿ ಈಗಲೂ ಅಲ್ಲೇ ಇದೆ, ಅದೇ ಮೂಲೆಯಲ್ಲಿ.
ಒತ್ತಿದರೆ ನೀರು ಏರುತ್ತದೆ.
ನೆಲ ಏರುವುದಿಲ್ಲ.
ಹೊಲ ಒಂದು ಗುಂಡಿಯಾಗಿ ತುಂಬಿಕೊಳ್ಳುತ್ತದೆ,
ಮಂಡಿಯುದ್ದ ನೀರಲ್ಲಿ ಮೂರು ಹಸು
ಪರದೆಯಾಚೆ ನೋಡುತ್ತಾ ನಿಲ್ಲುತ್ತವೆ.

ಪ್ರತಿ ತಂಡದಿಂದಲೂ ಒಂದು ದೂರು ಬರುತ್ತದೆ:
ಕೊನೆಯ ಗುಂಡಿ ಕೆಟ್ಟಿದೆ, ಸರಿಪಡಿಸಿ.
ಹಿಲ್ಕೆ ನನ್ನ ಕಡೆ ತಿರುಗುತ್ತಾಳೆ.
ನಾನು ಟೈಪ್ ಮಾಡುತ್ತೇನೆ:
ಪರೀಕ್ಷಿಸಿದ್ದೇವೆ. ಅದು ಸರಿಯಾಗಿದೆ.